ತಾಳೆ ನೋಡದ ಪ್ರತಿಯನ್ನು ನಂಬಬಹುದೆ?

ಒಂದು ಕಾಲಕ್ಕೆ ಮನೆತನದ ಕಾಗದಪತ್ರಗಳೆಲ್ಲ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಹೊಲದ ಉತಾರ, ಮನೆಯ ಖರೀದಿಪತ್ರ, ಮಕ್ಕಳ ಅಂಕಪಟ್ಟಿ, ಲಗ್ನದ ಭಾವಚಿತ್ರಗಳು, ಹಿರಿಯರು ಬರೆದಿಟ್ಟ ಲೆಕ್ಕದ ವಹಿ, ಇವೆಲ್ಲ ಕೈಗೆ ಸಿಗುವ, ಕಣ್ಣಿಗೆ ಕಾಣುವ ವಸ್ತುಗಳಾಗಿದ್ದವು. ಇಂದು ಅವುಗಳಲ್ಲಿ ಬಹುಪಾಲು ಗಣಕಯಂತ್ರದೊಳಗೆ ಸೇರಿವೆ. ಅವುಗಳ ರಕ್ಷಣೆಗೆಂದು ಅನೇಕ ಕುಟುಂಬಗಳು ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ಒಂದನ್ನು ಕೊಂಡು, ಬ್ಯಾಕಪ್ ತಂತ್ರಾಂಶವನ್ನು ಅಳವಡಿಸಿಕೊಂಡಿವೆ. ‘ಯಶಸ್ವಿಯಾಗಿ ಮುಗಿಯಿತು’ ಎಂಬ ಸಂದೇಶ ಆಗಾಗ ಪರದೆಯ ಮೇಲೆ ಮೂಡುತ್ತದೆ, ಮನೆಯವರು ನಿಶ್ಚಿಂತರಾಗುತ್ತಾರೆ. ಆದರೆ ಮೂಲ ಕಡತ ಕಳೆದುಹೋದ ದಿನ ಆ ಪ್ರತಿಯನ್ನು ಮರಳಿ ತೆಗೆಯಲು ಹೋದರೆ, ಕೆಲವೊಮ್ಮೆ ಅದು ಬಾರದು. ಹೀಗೇಕೆ ಆಗುತ್ತದೆ, ಆದಾಗ ಯಾವ ಕ್ರಮದಲ್ಲಿ ಶೋಧಿಸಬೇಕು, ಆಗದಂತೆ ಏನು ಮಾಡಬೇಕು ಎಂಬ ಮೂರು ವಿಷಯಗಳನ್ನು ಇಲ್ಲಿ ವಿಚಾರಿಸೋಣ.

ಓಲೆಗರಿಯ ಕಟ್ಟುಗಳನ್ನು ಓದುತ್ತ ಬೆಳೆದ ನಮಗೆ ಈ ಸಮಸ್ಯೆ ತೀರ ಹೊಸದೆಂದು ತೋರುವುದಿಲ್ಲ. ಲಿಪಿಕಾರನು ಪ್ರತಿ ಮಾಡಿದ ಮಾತ್ರಕ್ಕೆ ಗ್ರಂಥ ಉಳಿಯಿತೆಂದು ಹೇಳುವಂತಿಲ್ಲ. ನಡುವೆ ಒಂದು ಗರಿ ಬಿಟ್ಟುಹೋಗಿರಬಹುದು, ಸಾಲು ತಪ್ಪಿರಬಹುದು, ಅಕ್ಷರ ಮಾಸಿರಬಹುದು. ಪ್ರತಿಯನ್ನು ಮೂಲದ ಪಕ್ಕದಲ್ಲಿಟ್ಟು ಸಾಲುಸಾಲಾಗಿ ತಾಳೆ ನೋಡಿದ ಮೇಲೆಯೇ ಅದು ವಿಶ್ವಾಸಾರ್ಹವಾಗುವುದು. ಗಣಕಯಂತ್ರದ ಪ್ರತಿಗೂ ಇದೇ ನಿಯಮ ಸಲ್ಲುತ್ತದೆ. ಪ್ರತಿ ಮಾಡುವುದು ಅರ್ಧ ಕೆಲಸ. ಮರಳಿ ತೆಗೆದು ತಾಳೆ ನೋಡುವುದು ಉಳಿದರ್ಧ. ಈ ಎರಡನೆಯ ಅರ್ಧವನ್ನೇ ನಾವೆಲ್ಲರೂ ಮರೆಯುತ್ತೇವೆ.

ಜಗತ್ತಿಗೆ ತಿಳಿದ ನಿದರ್ಶನ

ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ತಂತ್ರಾಂಶ ಬರೆಯುವವರ ಕೆಲಸವನ್ನು ಅಂತರ್ಜಾಲದಲ್ಲಿ ಕಾಪಿಡುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಿದೆ. 2017ರ ಜನವರಿ 31ರಂದು ಅಲ್ಲಿಯ ತಂತ್ರಜ್ಞರೊಬ್ಬರು ಹೆಚ್ಚುವರಿ ಯಂತ್ರವೊಂದರ ದತ್ತಾಂಶವನ್ನು ಅಳಿಸಲು ಹೋಗಿ, ಕಣ್ತಪ್ಪಿನಿಂದ ಮುಖ್ಯ ಯಂತ್ರದ ದತ್ತಾಂಶವನ್ನೇ ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಕ್ಷಣಗಳಲ್ಲಿ ಎಚ್ಚೆತ್ತು ತಡೆದರೂ ಅಷ್ಟರೊಳಗೆ ಸುಮಾರು 300 ಗಿಗಾಬೈಟ್ ಅಳಿದುಹೋಗಿತ್ತು.

ನಿತ್ಯದ ಬ್ಯಾಕಪ್ ಇರಬೇಕಾದ ಸ್ಥಳವನ್ನು ತೆರೆದು ನೋಡಿದರೆ ಅದು ಬರಿದಾಗಿತ್ತು. ದತ್ತಾಂಶವು 9.6ನೆಯ ಆವೃತ್ತಿಯದು, ಪ್ರತಿ ತೆಗೆಯುವ ಸಾಧನವು 9.2ರದು, ಇವೆರಡಕ್ಕೂ ಹೊಂದಿಕೆಯಾಗದೆ ಪ್ರತಿ ತೆಗೆಯುವ ಕೆಲಸ ವಿಫಲವಾಗುತ್ತ ಬಂದಿತ್ತು. ವಿಫಲವಾದಾಗ ಎಚ್ಚರಿಸಬೇಕಾದ ಮಿಂಚಂಚೆಗಳೂ ತಿರಸ್ಕೃತವಾಗಿ ಯಾರನ್ನೂ ತಲುಪಿರಲಿಲ್ಲ. ಡಿಸ್ಕಿನ ಯಥಾಸ್ಥಿತಿಯನ್ನು ಸೆರೆಹಿಡಿಯುವ ಇನ್ನೊಂದು ವ್ಯವಸ್ಥೆಯನ್ನು ಆ ಯಂತ್ರಕ್ಕೆ ಅಳವಡಿಸಿಯೇ ಇರಲಿಲ್ಲ. ಕಡೆಗೆ ಅವರನ್ನು ಉಳಿಸಿದ್ದು, ಬೇರೊಂದು ಪರೀಕ್ಷೆಗಾಗಿ ಸುಮಾರು ಆರು ಗಂಟೆಗಳ ಹಿಂದೆ ಕೈಯಾರೆ ತೆಗೆದಿಟ್ಟ ಪ್ರತಿ. ಅದರಿಂದ ಸೇವೆಯನ್ನು ಮರಳಿ ನಿಲ್ಲಿಸಿದರು. ನಡುವಿನ ಆ ಆರು ಗಂಟೆಗಳಲ್ಲಿ ಸೇರಿದ ವಿವರಗಳು ಮಾತ್ರ ಹೋದವು. ಸಂಸ್ಥೆಯು ಈ ಸಂಗತಿಯನ್ನು ಮುಚ್ಚಿಡದೆ ಲೋಕಕ್ಕೆ ವಿವರವಾಗಿ ತಿಳಿಸಿದ್ದು ಪ್ರಶಂಸನೀಯ. ಪ್ರತಿಗಳಿಗೆ ವ್ಯವಸ್ಥೆಯಿತ್ತು, ಯಂತ್ರವಿತ್ತು, ಪರಿಣತರಿದ್ದರು. ಪ್ರತಿಯನ್ನು ಮರಳಿ ತೆಗೆದು ನೋಡುವ ಅಭ್ಯಾಸವೊಂದಿರಲಿಲ್ಲ. ಪರಿಣತರ ಪಾಡೇ ಹೀಗಾದರೆ, ಗೃಹಸ್ಥರು ಎಷ್ಟು ಎಚ್ಚರವಾಗಿರಬೇಕು!

ಮೊದಲು ಕೈ ಬಿಗಿಹಿಡಿಯಬೇಕು

ಕಡತ ಕಾಣದಾದ ಕೂಡಲೆ ಗಾಬರಿಗೊಂಡು ಸಿಕ್ಕಿದ ಗುಂಡಿಗಳನ್ನೆಲ್ಲ ಒತ್ತುವುದು ಸಹಜ. ಹಾನಿ ಹೆಚ್ಚುವುದು ಅಲ್ಲಿಯೇ. ಕಡತವನ್ನು ಅಳಿಸಿದಾಗ ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ಅಕ್ಷರಗಳು ತಕ್ಷಣ ನಾಶವಾಗುವುದಿಲ್ಲ; ‘ಈ ಜಾಗ ಖಾಲಿಯಿದೆ’ ಎಂಬ ಗುರುತು ಮಾತ್ರ ಬೀಳುತ್ತದೆ. ಅದರ ಮೇಲೆ ಹೊಸದನ್ನು ಬರೆದಾಗ ಹಳೆಯದು ನಿಜವಾಗಿ ಅಳಿಯುತ್ತದೆ. ಆದಕಾರಣ ಆ ಯಂತ್ರದಲ್ಲಿ ಬೇರೆ ಕೆಲಸವನ್ನು ನಿಲ್ಲಿಸಬೇಕು. ಕಡತ ಹುಡುಕುವ ಹೊಸ ತಂತ್ರಾಂಶವನ್ನು ಅದೇ ಡಿಸ್ಕಿಗೆ ಇಳಿಸಲೇಬಾರದು. ಈಚಿನ ಎಸ್‌ಎಸ್‌ಡಿಗಳಲ್ಲಿ ಅಳಿಸಿದ ಜಾಗವನ್ನು ಯಂತ್ರವೇ ಬೇಗ ಸ್ವಚ್ಛಗೊಳಿಸುವುದರಿಂದ ಈ ಆಸೆಯೂ ಕಡಿಮೆ. ಅಲ್ಲಿ ಬ್ಯಾಕಪ್ಪೇ ಗತಿ.

ಎರಡನೆಯದಾಗಿ, ಕಸದ ಬುಟ್ಟಿಯನ್ನು, ಎಂದರೆ ರಿಸೈಕಲ್ ಬಿನ್ನನ್ನು ನೋಡಬೇಕು. ಅಂತರ್ಜಾಲದಲ್ಲಿ ಇಟ್ಟವಕ್ಕೂ ಇಂಥ ಬುಟ್ಟಿಗಳಿವೆ. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ ಕಡತ 30 ದಿನ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಚಿತ್ರ 60 ದಿನ ಬುಟ್ಟಿಯಲ್ಲಿರುತ್ತದೆ. ಅವಧಿ ಮೀರಿದರೆ ಅಲ್ಲಿಯೂ ಇಲ್ಲ. ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಮೊಬೈಲಿನಲ್ಲಿದ್ದುದೇ ಅಂತರ್ಜಾಲದಲ್ಲಿಯೂ ಕಾಣುವ ‘ಸಿಂಕ್’ ವ್ಯವಸ್ಥೆ ಬ್ಯಾಕಪ್ ಅಲ್ಲ. ಅದು ಕನ್ನಡಿ. ಮುಖ ಸರಿದರೆ ಕನ್ನಡಿಯೊಳಗಿನ ಬಿಂಬವೂ ಸರಿಯುವಂತೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ.

ಮೂರನೆಯದಾಗಿ, ಬ್ಯಾಕಪ್ಪಿನಿಂದ ತೆಗೆದ ಕಡತವನ್ನು ಮೂಲ ಸ್ಥಳದಲ್ಲಿಯೇ ಇಳಿಸದೆ ಬೇರೊಂದು ಹೊಸ ಫೋಲ್ಡರಿನಲ್ಲಿ, ಸಾಧ್ಯವಾದರೆ ಬೇರೊಂದು ಡಿಸ್ಕಿನಲ್ಲಿ ಇಳಿಸಬೇಕು. ಹಳೆಯ ಪ್ರತಿಯೊಂದು ಬಂದು ಉಳಿದಿದ್ದ ಹೊಸದರ ಮೇಲೆ ಕುಳಿತರೆ ಇದ್ದುದೂ ಹೋಗುತ್ತದೆ.

ಪ್ರತಿ ಬಾರದಿದ್ದಾಗ ಶೋಧಿಸುವ ಕ್ರಮ

ಡಿಸ್ಕನ್ನು ಜೋಡಿಸಿದರೂ ಯಂತ್ರ ಗುರುತಿಸದಿದ್ದರೆ ಮೊದಲು ಕೇಬಲ್ಲನ್ನು, ಬಳಿಕ ಯುಎಸ್‌ಬಿ ಕಿಂಡಿಯನ್ನು, ಕಡೆಗೆ ಗಣಕಯಂತ್ರವನ್ನೇ ಬದಲಿಸಿ ನೋಡಬೇಕು. ಅನೇಕ ವೇಳೆ ದೋಷ ಕೇಬಲ್ಲಿನದೇ ಆಗಿರುತ್ತದೆ. ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಯಂತ್ರ ಕೇಳಿದರೆ ಎಂದಿಗೂ ಒಪ್ಪಕೂಡದು. ಡಿಸ್ಕಿನೊಳಗಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಒಳಗಿನ ಭಾಗ ಸವೆದಿದೆಯೆಂದು ಭಾವಿಸಿ, ವಿದ್ಯುತ್ ತೆಗೆದು, ಪರಿಣತರ ಕೈಗೆ ಒಪ್ಪಿಸಬೇಕು. ಮತ್ತೆ ಮತ್ತೆ ಓಡಿಸಿದಷ್ಟೂ ಹಾನಿ ಹೆಚ್ಚು.

ಡಿಸ್ಕು ಕಂಡರೂ ತಂತ್ರಾಂಶವು ‘ಬ್ಯಾಕಪ್ ಇಲ್ಲ’ ಎನ್ನಬಹುದು. ಯಾವ ಕಡತ ಎಲ್ಲಿದೆಯೆಂಬ ಸೂಚಿಯನ್ನು ತಂತ್ರಾಂಶ ಪ್ರತ್ಯೇಕವಾಗಿ ಬರೆದಿಟ್ಟುಕೊಂಡಿರುತ್ತದೆ. ಹಳೆಯ ಯಂತ್ರ ಕೆಟ್ಟು ಹೊಸದನ್ನು ತಂದಾಗ ಆ ಸೂಚಿ ಹೊಸ ಯಂತ್ರಕ್ಕೆ ತಿಳಿದಿರುವುದಿಲ್ಲ. ಸೂಚಿಯ ಗರಿ ಕಳೆದರೂ ಗ್ರಂಥ ಇರುವಂತೆ, ಕಡತಗಳು ಡಿಸ್ಕಿನಲ್ಲಿ ಇದ್ದೇ ಇರಬಹುದು. ವಿಂಡೋಸ್ 8ರೊಡನೆ 2012ರಲ್ಲಿ ಬಂದ ಫೈಲ್ ಹಿಸ್ಟರಿ ಎಂಬ ವ್ಯವಸ್ಥೆಯು ತನ್ನದೇ ಹೆಸರಿನ ಫೋಲ್ಡರಿನಲ್ಲಿ ಕಡತಗಳನ್ನು ಸಾಮಾನ್ಯ ರೂಪದಲ್ಲಿಯೇ ಇಡುತ್ತದೆ. ಅವುಗಳನ್ನು ಕೈಯಿಂದಲೇ ಪ್ರತಿ ಮಾಡಿಕೊಳ್ಳಬಹುದು. ಪ್ರತಿಯೊಂದರ ಹೆಸರಿನ ಮುಂದೆ ದಿನಾಂಕ ಮತ್ತು ವೇಳೆ ಬರೆದಿರುತ್ತದೆ. ಆ ವೇಳೆ ನಮ್ಮದಲ್ಲ, ಜಾಗತಿಕ ಪ್ರಮಾಣ ವೇಳೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ವೇಳೆ ಬರುತ್ತದೆ. ಇದನ್ನು ಅರಿಯದೆ, ಸಂಜೆ 4 ಗಂಟೆಗೆ ಉಳಿಸಿದ ಪ್ರತಿಯನ್ನು ಹುಡುಕಿ, 10-30ರ ಪ್ರತಿ ತಮ್ಮದಲ್ಲವೆಂದು ಬಿಟ್ಟವರು ಮೋಸಹೋಗುತ್ತಾರೆ. ವಿಂಡೋಸ್ 7ರ ಬ್ಯಾಕಪ್ ವ್ಯವಸ್ಥೆಯಾದರೋ ಕಡತಗಳನ್ನು ಅನೇಕ ಜಿಪ್ ಗಂಟುಗಳಲ್ಲಿ ಕಟ್ಟಿಡುತ್ತದೆ. ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ಹುಡುಕಬಹುದು. ಅದಕ್ಕಿಂತ ಹಳೆಯ ವಿಂಡೋಸ್ ಎಕ್ಸ್‌ಪಿ ಕಾಲದ ‘ಬಿಕೆಎಫ್’ ಕಡತಗಳನ್ನು ತೆರೆಯುವ ಸಾಧನ ವಿಂಡೋಸ್ ವಿಸ್ಟಾದಿಂದ ಈಚೆಗೆ ಜೊತೆಯಲ್ಲಿ ಬರುತ್ತಿಲ್ಲ. ಓದಬಲ್ಲವರಿಲ್ಲದ ಲಿಪಿಯಂತೆ, ತೆರೆಯುವ ಸಾಧನವಿಲ್ಲದ ಪ್ರತಿಯೂ ಮೂಕವಾಗುತ್ತದೆ.

ಕಡತ ಕಂಡರೂ ‘ಅನುಮತಿಯಿಲ್ಲ’ ಎಂದು ಯಂತ್ರ ತಡೆದರೆ ಅಂಜಬೇಕಾಗಿಲ್ಲ. ಹಳೆಯ ಯಂತ್ರದ ಖಾತೆಯ ಹೆಸರಿನಲ್ಲಿ ಅದರ ಒಡೆತನ ಉಳಿದಿರುತ್ತದೆ. ಹೊಸ ಯಂತ್ರದ ಮುಖ್ಯ ಖಾತೆಯಿಂದ ಒಡೆತನವನ್ನು ಬದಲಿಸಿಕೊಳ್ಳಬಹುದು. ಆದರೆ ಬ್ಯಾಕಪ್ಪಿಗೆ ಗುಪ್ತಪದ ಹಾಕಿ ಬೀಗ ಜಡಿದಿದ್ದು, ಆ ಪದ ಮರೆತುಹೋಗಿದ್ದರೆ ಮಾರ್ಗ ಬಹುಶಃ ಮುಚ್ಚಿದಂತೆಯೇ. ಬಿಟ್‌ಲಾಕರ್ ಬೀಗಕ್ಕೆ 48 ಅಂಕಿಗಳ ಮರುಪ್ರಾಪ್ತಿ ಕೀಲಿಯೊಂದಿದೆ; ಅದನ್ನು ಅದೇ ಯಂತ್ರದೊಳಗೆ ಇಡುವುದು ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ. ಕಾಗದದ ಮೇಲೆ ಬರೆದು, ಮನೆಯ ಇಬ್ಬರಿಗೆ ತಿಳಿದಿರುವ ಜಾಗದಲ್ಲಿ ಇಡತಕ್ಕದ್ದು. ಮನೆಯ ಯಜಮಾನರೊಬ್ಬರಿಗೇ ಗುಪ್ತಪದ ಗೊತ್ತಿದ್ದು, ಅವರು ಆಸ್ಪತ್ರೆಯಲ್ಲಿರುವಾಗ ವಿಮೆಯ ಕಾಗದ ಬೇಕಾದರೆ ಏನು ಮಾಡುವುದು ಎಂಬುದನ್ನು ಇಂದೇ ಯೋಚಿಸುವುದು ಒಳಿತು.

ಕಡತ ಬಂದರೂ ಅರ್ಧಕ್ಕೆ ತುಂಡಾಗಿರಬಹುದು. ಅನೇಕ ತಂತ್ರಾಂಶಗಳು ಮೊದಲ ಸಲ ಮಾತ್ರ ಪೂರ್ಣ ಪ್ರತಿ ತೆಗೆದು, ಅಲ್ಲಿಂದ ಮುಂದೆ ಬದಲಾದಷ್ಟನ್ನೇ ಸೇರಿಸುತ್ತ ಹೋಗುತ್ತವೆ. ಈ ಸರಪಳಿಯ ಒಂದು ಕೊಂಡಿ ಕೆಟ್ಟರೆ ಅದರ ಮುಂದಿನವು ನಿಲ್ಲಲಾರವು. ಆಗ ಇತ್ತೀಚಿನ ದಿನಾಂಕವನ್ನೇ ಹಿಡಿದು ಕೂಡದೆ ಹಿಂದಿನ ದಿನಾಂಕಗಳ ಪ್ರತಿಗಳನ್ನು ತೆಗೆದು ನೋಡಬೇಕು. ಗ್ರಂಥ ಸಂಪಾದನೆಯಲ್ಲಿ ಈಚಿನ ಪ್ರತಿಗಿಂತ ಹಿಂದಿನ ಪ್ರತಿಯಲ್ಲಿ ಶುದ್ಧಪಾಠ ದೊರೆಯುವುದು ಅಪರೂಪವಲ್ಲ, ಇಲ್ಲಿಯೂ ಹಾಗೆಯೇ.

ಇನ್ನೊಂದು ಕಾರಣ ಬಹು ಸಾಮಾನ್ಯ: ಕಡತ ಬ್ಯಾಕಪ್ಪಿನೊಳಗೆ ಹೋಗಿಯೇ ಇರುವುದಿಲ್ಲ. ಫೈಲ್ ಹಿಸ್ಟರಿಯು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಮೊದಲಾದ ಗೊತ್ತಾದ ಫೋಲ್ಡರುಗಳನ್ನು ಮಾತ್ರ ಗಮನಿಸುತ್ತದೆ. ಲಗ್ನದ ಚಿತ್ರಗಳನ್ನು ‘ಡಿ’ ಡ್ರೈವಿನಲ್ಲಿ ಬೇರೆ ಫೋಲ್ಡರು ಮಾಡಿ ಇಟ್ಟಿದ್ದರೆ, ನಾವಾಗಿ ಸೇರಿಸದ ಹೊರತು ಅವು ಪ್ರತಿಯಾಗುವುದಿಲ್ಲ. ತಂತ್ರಾಂಶವು ‘ಯಶಸ್ವಿ’ ಎಂದು ಹೇಳಿದ್ದು ಸುಳ್ಳಲ್ಲ. ಒಪ್ಪಿಸಿದಷ್ಟನ್ನು ಅದು ಯಶಸ್ವಿಯಾಗಿಯೇ ಮಾಡಿದೆ.

ಕನ್ನಡದ ಕಡತಗಳಿಗೆ ವಿಶೇಷ ಎಚ್ಚರ

ಹಳೆಯ ಕನ್ನಡ ಕಡತಗಳನ್ನು ಮರಳಿ ತೆಗೆದವರು ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳನ್ನೂ ಚಿಹ್ನೆಗಳನ್ನೂ ಕಂಡು ‘ಎಲ್ಲ ಕೆಟ್ಟಿತು’ ಎಂದು ಅಳಿಸಿಬಿಡುವುದುಂಟು. ಬಹಳಷ್ಟು ಸಲ ಅದು ಕೆಟ್ಟಿರುವುದಿಲ್ಲ. ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ರೂಪಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸಿದ್ದರು. ಆ ಫಾಂಟು ಹೊಸ ಯಂತ್ರದಲ್ಲಿ ಇಲ್ಲದಿದ್ದರೆ ಕೆಳಗಿನ ರೋಮನ್ ಮಾತ್ರ ಕಾಣುತ್ತದೆ. ಆ ಫಾಂಟನ್ನು ಅಳವಡಿಸಿದ ಕೂಡಲೆ ಕನ್ನಡ ಮರಳಿ ಮೂಡುತ್ತದೆ. ಬಳಿಕ ಪರಿವರ್ತಕದ ನೆರವಿನಿಂದ ಅದನ್ನು ಯುನಿಕೋಡಿಗೆ ಬದಲಿಸಿಕೊಂಡು, ಒತ್ತಕ್ಷರಗಳನ್ನೂ ಅಂಕಿಗಳನ್ನೂ ಒಮ್ಮೆ ಓದಿ ತಿದ್ದಿಕೊಳ್ಳಬೇಕು. ಹಳೆಯ ಕಡತವನ್ನು ಮಾತ್ರ ಹಾಗೆಯೇ ಉಳಿಸತಕ್ಕದ್ದು. ಅಜ್ಜನವರ ಬರಹಗಳನ್ನು ಬೆರಳಚ್ಚು ಮಾಡಿಸಿಟ್ಟ ಮನೆಗಳು ಫಾಂಟನ್ನೂ ಅದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳುವುದು ಲೇಸು.

ಇನ್ನೊಂದು ಮನೆಯಲ್ಲಿ ಇನ್ನೊಂದು ಪ್ರತಿ

‘ಟಾಯ್ ಸ್ಟೋರಿ 2’ ಎಂಬ ಮಕ್ಕಳ ಚಲನಚಿತ್ರವನ್ನು ಅಮೆರಿಕದ ಪಿಕ್ಸಾರ್ ಸಂಸ್ಥೆ 1999ರಲ್ಲಿ ಬಿಡುಗಡೆ ಮಾಡಿತು. ಅದಕ್ಕೆ ಮೊದಲು, ಚಿತ್ರ ಸಿದ್ಧವಾಗುತ್ತಿದ್ದಾಗ, ತಪ್ಪು ಆಜ್ಞೆಯೊಂದರಿಂದ ಅದರ ಬಹುಭಾಗ ಅಳಿದುಹೋಯಿತು. ಬ್ಯಾಕಪ್ ತೆಗೆದು ನೋಡಿದರೆ ಅದೂ ಸರಿಯಾಗಿ ನಡೆದಿರಲಿಲ್ಲ. ಗೇಲಿನ್ ಸಸ್‌ಮನ್ ಎಂಬ ತಂತ್ರನಿರ್ದೇಶಕಿ ಎಳೆಗೂಸಿನ ಆರೈಕೆಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ ಅವರ ಮನೆಯ ಯಂತ್ರದಲ್ಲಿ ಒಂದು ಪ್ರತಿ ಇತ್ತು. ಆ ಯಂತ್ರವನ್ನು ಹೊದಿಕೆಗಳಲ್ಲಿ ಸುತ್ತಿ ಕಾರಿನಲ್ಲಿ ಜೋಪಾನವಾಗಿ ತಂದು ಚಿತ್ರವನ್ನು ಉಳಿಸಿಕೊಂಡರು.

ಇದರಲ್ಲಿ ಅದೃಷ್ಟವಾಗಿ ಒದಗಿದ್ದನ್ನು ನಾವು ನಿಯಮವಾಗಿ ಪಾಲಿಸಬಹುದು. ತಿಳಿದವರು ಹೇಳುವ ಸೂತ್ರ ಸರಳವಾಗಿದೆ: ಮೂಲವೂ ಸೇರಿ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಲ್ಲಿ ಅಥವಾ ಬೇರೆ ಮನೆಯಲ್ಲಿ. ಕೈಬರಹದ ಗ್ರಂಥಗಳು ಶತಮಾನಗಳನ್ನು ದಾಟಿ ಬಂದದ್ದೂ ಒಂದೇ ಕಟ್ಟಿನ ಬಲದಿಂದಲ್ಲ, ಹಲವು ಮನೆಗಳಲ್ಲಿ ಹಲವು ಪ್ರತಿಗಳು ಇದ್ದುದರಿಂದ. ಹೆಣ್ಣುಮಕ್ಕಳು ಕೊಟ್ಟ ಮನೆಯಲ್ಲಿ, ಗಂಡುಮಕ್ಕಳು ನೌಕರಿಯ ಊರಿನಲ್ಲಿ ಇರುವ ಈ ಕಾಲದಲ್ಲಿ ಇದು ಕಷ್ಟದ ಕೆಲಸವಲ್ಲ. ಬ್ಯಾಕಪ್ ಡಿಸ್ಕನ್ನು ಸದಾ ಯಂತ್ರಕ್ಕೆ ಜೋಡಿಸಿಡಲೂಬಾರದು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶಗಳು ಜೋಡಿಸಿದ್ದ ಡಿಸ್ಕಿಗೂ ಬೀಗ ಜಡಿಯುತ್ತವೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ ಅನೇಕ ಮನೆಗಳಲ್ಲಿ ಹಳೆಯ ಯಂತ್ರಗಳು ಹೊರಹೋಗುತ್ತಿವೆ. ಹಳೆಯದನ್ನು ಮಾರುವ ಮೊದಲು, ಅದರ ಬ್ಯಾಕಪ್ ಹೊಸ ಯಂತ್ರದಲ್ಲಿ ತೆರೆಯುವುದೇ ಎಂದು ಪರೀಕ್ಷಿಸುವುದು ಅತ್ಯವಶ್ಯ. ಮೂಲ ಕಣ್ಣೆದುರಿಗಿರುವಾಗ ಕಂಡ ದೋಷವನ್ನು ತಿದ್ದಬಹುದು. ಮೂಲ ಹೋದ ಮೇಲೆ ಕಂಡ ದೋಷಕ್ಕೆ ಮದ್ದಿಲ್ಲ.

ಕೊನೆಯದಾಗಿ ಒಂದು ಸಣ್ಣ ನೇಮವನ್ನು ಸೂಚಿಸುತ್ತೇವೆ. ತಿಂಗಳಿಗೊಂದು ದಿನ, ಅರ್ಧ ಗಂಟೆ ಬಿಡುವು ಮಾಡಿಕೊಂಡು, ಬ್ಯಾಕಪ್ಪಿನಿಂದ ಮೂರು ಕಡತಗಳನ್ನು ಹೊಸ ಫೋಲ್ಡರಿಗೆ ತೆಗೆಯಿರಿ: ಒಂದು ಹಳೆಯ ಚಿತ್ರ, ಒಂದು ದೊಡ್ಡ ವಿಡಿಯೋ, ಒಂದು ಕನ್ನಡ ಬರಹ. ಹೆಸರು ಕಂಡರೆ ಸಾಲದು. ತೆರೆದು, ಕಡೆಯ ಪುಟದವರೆಗೆ ನೋಡಿ, ಮೂಲದೊಡನೆ ತಾಳೆ ಹಾಕಿರಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡರೆ ಅವರಿಗೂ ದಾರಿ ತಿಳಿಯುತ್ತದೆ. ದಿನಾಂಕ ಹಾಕಿ ವಹಿಯಲ್ಲಿ ಒಂದು ಸಾಲು ಬರೆದಿಡಿರಿ. ಮೂರೂ ಸರಿಯಾಗಿ ಬಂದ ದಿನ ಮಾತ್ರ ‘ನಮ್ಮ ಮನೆಯಲ್ಲಿ ಬ್ಯಾಕಪ್ ಇದೆ’ ಎಂದು ಹೇಳಲು ನಿಮಗೆ ಅಧಿಕಾರವುಂಟು.