ಕಾಳಿಯ ಪೀಠ, ಬುದ್ಧನ ಖಾಲಿ ಪೀಠ

1986ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ನೋಡಿದರೆ, ದೇವಿ ನಿಂತಿದ್ದ ಪೀಠದ ಕಲ್ಲಿನ ಎರಡೂ ಮೈಮೇಲೆ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ! ಮೂರ್ತಿ ಕೂರಿಸಲು ನಡುವೆ ಕೊರೆದ ಗುಳಿಗೆ ಒಂದಷ್ಟು ಸಾಲುಗಳು ಆಹುತಿಯಾಗಿದ್ದವು. ಪರರ ಮತವನ್ನೂ ಗೌರವಿಸಿ ಎಂದು ಸಾರುವ ಹನ್ನೆರಡನೆಯ ಶಾಸನವೂ ಅದರಲ್ಲಿತ್ತು. ಆ ಕಲ್ಲು ಕಾಳಿಯನ್ನು ಹೊತ್ತು ನಿಂತದ್ದು ಎಂಥ ಯೋಗಾಯೋಗ!

ದಾವಣಗೆರೆ ಸೀಮೆಯವರಿಗೆ ಅಶೋಕ ಹೊಸಬನಲ್ಲ. ಜಗಳೂರಿನಾಚೆ ಮೊಳಕಾಲ್ಮೂರಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದ ಬಂಡೆಗಳನ್ನು ಬಿ.ಎಲ್. ರೈಸ್ 1892ರಲ್ಲೇ ಬೆಳಕಿಗೆ ತಂದಿದ್ದರು. ಅಲ್ಲಿರುವುದು ಅವನ ಮಾತು. ಮುಖ ಸಿಕ್ಕಿದ್ದು ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ, ಭೀಮಾ ದಂಡೆಯ ಮೇಲೆ. 1990ರ ದಶಕದಲ್ಲಿ ಕೆ.ಪಿ. ಪೂಣಚ್ಚ ಅವರ ನೇತೃತ್ವದಲ್ಲಿ ಪುರಾತತ್ತ್ವ ಇಲಾಖೆ ಅಗೆದಾಗ ‘ಅಧೋಲೋಕ ಮಹಾಚೈತ್ಯ’ ಎಂಬ ದೊಡ್ಡ ಸ್ತೂಪದ ಸುಣ್ಣಕಲ್ಲಿನ ಫಲಕಗಳು ಹೊರಬಂದವು. ಒಂದರಲ್ಲಿ ರಾಣಿ, ಪರಿಚಾರಿಕೆಯರ ನಡುವೆ ಒಬ್ಬ ಅರಸ. ‘ರಾಯಾ ಅಸೋಕೋ’ ಎಂಬ ಬರಹವಿಲ್ಲದಿದ್ದರೆ ಅವನು ಯಾವನೋ ಒಬ್ಬ ರಾಜ, ಅಷ್ಟೇ.

ನನಗೆ ಸೋಜಿಗವೆನಿಸುವುದು ಇದೇ. ರಾಜರಿಗೆ ಹೆಸರು ಕೆತ್ತಲೇಬೇಕಾಯಿತು. ಚೈತ್ಯಕ್ಕೆ ಬೆಳ್ಳಿಯ ತಾವರೆ ಅರ್ಪಿಸಿದ ಶಾತವಾಹನ ಶಾತಕರ್ಣಿಯ ಪಾಡೂ ಅಷ್ಟೇ. ಬುದ್ಧನಿಗೆ ಮಾತ್ರ ಶಿಲ್ಪಿಗಳು ಮೂರ್ತಿಯನ್ನೂ ಕಡೆಯದೆ ಗುರುತು ಕೊಟ್ಟರು. ಮರದಡಿ ಖಾಲಿ ಪೀಠವಿದ್ದರೆ ಬೋಧಿ, ಚಕ್ರವಿದ್ದರೆ ಮೊದಲ ಉಪದೇಶ, ಸ್ತೂಪವಿದ್ದರೆ ಪರಿನಿರ್ವಾಣ. ಸಾಂಚಿಯಲ್ಲಂತೂ ಸವಾರನಿಲ್ಲದ ಕುದುರೆಗೆ ಕೊಡೆ ಹಿಡಿದಿದ್ದಾರೆ. ಮನೆ ಬಿಟ್ಟು ಹೊರಟವನು ಯಾರೆಂದು ಕೇಳುವ ಹಾಗೇ ಇಲ್ಲ.

ಬುದ್ಧನನ್ನು ಬಿಡಿಸಬಾರದೆಂಬ ಕಟ್ಟಳೆಯಿತ್ತು ಎಂಬುದು ಹಳೆಯ ವಿದ್ವಾಂಸರ ವಾದ. ಹಾಗಲ್ಲ, ಖಾಲಿ ಪೀಠದಂಥ ಆ ಶಿಲ್ಪಗಳು ಭಕ್ತರು ಪೂಜಿಸುತ್ತಿದ್ದ ಪುಣ್ಯಸ್ಥಳಗಳ ಚಿತ್ರಗಳೇ ಎಂದು ಕಲಾ ಇತಿಹಾಸಕಾರ್ತಿ ಸೂಸಾನ್ ಹಂಟಿಂಗ್ಟನ್ ತಕರಾರು ತೆಗೆದರು. ಕನಗನಹಳ್ಳಿ ಯಾರ ಪಕ್ಷವನ್ನೂ ಪೂರ್ತಿ ಹಿಡಿಯುವುದಿಲ್ಲ. ಸಂಕೇತಗಳ ಜೊತೆಗೇ ಇಲ್ಲಿ ಮನುಷ್ಯರೂಪದ ಬುದ್ಧನೂ ಸಿಕ್ಕಿದ್ದಾನೆ.

ಇಂಥ ಫಲಕಗಳು ಅಗೆದ ಮೇಲೂ ವರ್ಷಗಟ್ಟಲೆ ಬಿಸಿಲು ಮಳೆಗೆ ಬಿದ್ದಿದ್ದವು. ಜೋಡಿಸುವ ಕೆಲಸ ಶುರುವಾಗಲು 2022 ಬರಬೇಕಾಯಿತು. ಎರಡು ಸಾವಿರ ವರ್ಷ ಮಣ್ಣು ಕಾಪಾಡಿದ್ದನ್ನು ನಾವು ಎರಡು ದಶಕ ನೆಟ್ಟಗೆ ಕಾಪಾಡಲಿಲ್ಲ. ಚಂದ್ರಲಾಂಬೆಯ ದರ್ಶನಕ್ಕೆ ಹೋಗುವವರು ಕನಗನಹಳ್ಳಿಗೂ ಹೋಗಿ ಬನ್ನಿ. ನೋಡುವವರು ಹೆಚ್ಚಿದರೆ ಕಾಯುವವರಿಗೂ ಎಚ್ಚರವಿರುತ್ತದೆ.