ಅರವತ್ತು ಮಿಲಿಗ್ರಾಂ ಚಿನ್ನ

ಜಪಾನಿನ ಚಹಾ ಬಟ್ಟಲೊಂದಕ್ಕೆ ಹೊದಿಸುವ ಚಿನ್ನದ ತೂಕವೆಷ್ಟು? ಆ ದೇಶದ ಕನಜಾವಾ ನಗರದಲ್ಲಿ ತಯಾರಾಗುವ ಚಿನ್ನದ ರೇಕಿನ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ. ಈ ಲೆಕ್ಕದಲ್ಲಿ ಒಂದು ಚದರ ಮೀಟರ್ ರೇಕಿಗೆ ಸುಮಾರು 2 ಗ್ರಾಂ ಚಿನ್ನ ಸಾಕು. 12 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರದ ಬಟ್ಟಲಿನ ಹೊರಮೈಯನ್ನು ಎಲ್ಲಿಯೂ ಬಿಡದೆ ಮುಚ್ಚಿದರೂ ತಗಲುವುದು 60 ಮಿಲಿಗ್ರಾಂನಷ್ಟು ಮಾತ್ರ. ಪುಟ್ಟದೊಂದು ಮೂಗುಬೊಟ್ಟಿಗೂ ಇದಕ್ಕಿಂತ ಹೆಚ್ಚು ಚಿನ್ನ ಬೇಕು. ಹೀಗಿರುವಾಗ ಅಂಥ ಬಟ್ಟಲಿಗೆ ತೆರುವ ದೊಡ್ಡ ಬೆಲೆ ಯಾವುದಕ್ಕೆ ಸಲ್ಲುತ್ತದೆ? ಲೋಹಕ್ಕಲ್ಲ ಎಂಬುದು ಸ್ಪಷ್ಟ. ಅದು ಸಲ್ಲುವುದು ಒಂದರ ಹಿಂದೆ ಒಂದರಂತೆ ನಿಂತ ಹಲವು ವೃತ್ತಿಗಳಿಗೆ. ಅವುಗಳಲ್ಲಿ ಕೆಲವು ಈಗ ಕೊನೆಯುಸಿರೆಳೆಯುವ ಸ್ಥಿತಿಯಲ್ಲಿವೆ ಎಂಬುದೇ ಚಿಂತೆಯ ಸಂಗತಿ.

ಚಹಾ ಬಟ್ಟಲಿಗೂ ಚಿನ್ನಕ್ಕೂ ಮೊದಲಿನಿಂದ ಹೊಂದಾಣಿಕೆಯಿತ್ತು ಎನ್ನುವಂತಿಲ್ಲ. ಹದಿನಾರನೆಯ ಶತಮಾನದಲ್ಲಿ ಚಹಾ ವಿಧಿಗೆ ಇಂದಿನ ರೂಪ ಕೊಟ್ಟ ಸೆನ್ ನೋ ರಿಕ್ಯು ಸರಳತೆಯನ್ನೇ ಸೌಂದರ್ಯವೆಂದು ಬಗೆದವನು. ಅವನ ಅಭಿರುಚಿಗೆ ತಕ್ಕಂತೆ ಕ್ಯೋತೊದ ಚೋಜಿರೋ ಎಂಬ ಕುಶಲಕರ್ಮಿ ತಿಗರಿಯ ಹಂಗಿಲ್ಲದೆ, ಕೈಯಿಂದಲೇ ರೂಪಿಸಿದ ಕಪ್ಪು ಮತ್ತು ಕೆಂಪು ಬಟ್ಟಲುಗಳಿಂದ ರಾಕು ಪರಂಪರೆ ಆರಂಭವಾಯಿತು. ಆದರೆ ರಿಕ್ಯುವಿನ ಒಡೆಯ ತೊಯೊತೊಮಿ ಹಿದೆಯೊಶಿಯ ಮನೋಧರ್ಮವೇ ಬೇರೆ. ಗೋಡೆ, ಮಾಡುಗಳಿಗೆಲ್ಲ ಚಿನ್ನ ಹೊದಿಸಿದ, ಬಿಚ್ಚಿ ಸಾಗಿಸಬಹುದಾದ ಚಹಾ ಕೋಣೆಯೊಂದನ್ನು ಕಟ್ಟಿಸಿ 1586ರಲ್ಲಿ ಅರಮನೆಗೆ ಒಯ್ದು ಚಕ್ರವರ್ತಿಯ ಮುಂದೆ ಪ್ರದರ್ಶಿಸಿದ ಅಧಿಕಾರಸ್ಥ ಅವನು. 1591ರಲ್ಲಿ ಅವನ ಆಜ್ಞೆಯಂತೆ ರಿಕ್ಯು ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳಬೇಕಾಯಿತು. ಅದರ ಕಾರಣಗಳ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ಮಣ್ಣಿನ ಬಟ್ಟಲು ಮತ್ತು ಚಿನ್ನದ ಕೋಣೆ ಒಂದೇ ಕಾಲದ, ಒಂದೇ ಆಸ್ಥಾನದ ಎರಡು ದಾರಿಗಳಾಗಿದ್ದವು ಎಂಬುದು ನಿಜ.

ಮುಂದಿನ ಶತಮಾನದಲ್ಲಿ ಈ ಎರಡು ದಾರಿಗಳು ಕೂಡಿಕೊಂಡವು. ಹೊನಾಮಿ ಕೋಯೆತ್ಸು ಮಾಡಿದ ‘ಸೆಪ್ಪೊ’ ಎಂಬ ಬಟ್ಟಲಿನ ಬಿರುಕುಗಳನ್ನು ಅರಗು ತುಂಬಿ, ಅದರ ಮೇಲೆ ಚಿನ್ನ ಲೇಪಿಸಿ ಮುಚ್ಚಲಾಗಿದೆ. ಇಲ್ಲಿ ಚಿನ್ನ ದೋಷವನ್ನು ಮರೆಮಾಚುವುದಿಲ್ಲ, ಎತ್ತಿ ತೋರಿಸುತ್ತದೆ. ಕ್ಯೋತೊದ ನೊನೊಮುರಾ ನಿನ್‌ಸೇ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬಣ್ಣದ ಚಿತ್ರಗಳೊಂದಿಗೆ ಚಿನ್ನ, ಬೆಳ್ಳಿಗಳನ್ನು ಬಟ್ಟಲಿನ ಮೈಗೇ ತಂದ. ಒಂದರೊಳಗೊಂದು ಕೂರುವ, ಚಿನ್ನ ಹಾಗೂ ಬೆಳ್ಳಿಯ ವಜ್ರಾಕೃತಿಗಳಿರುವ ಅವನ ಜೋಡಿ ಬಟ್ಟಲುಗಳು ಅತಾಮಿ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡುಗರನ್ನು ತಡೆದು ನಿಲ್ಲಿಸುತ್ತವೆ. ಇಲ್ಲಿ ಚಿನ್ನವು ವೈಭವದ ಘೋಷಣೆಯಾಗಿ ಉಳಿದಿಲ್ಲ; ಹಸಿರು ಚಹಾದ ಬಣ್ಣಕ್ಕೆ, ಕೋಣೆಯ ಮಬ್ಬು ಬೆಳಕಿಗೆ ಒಪ್ಪುವಂತೆ ಅದನ್ನು ಪಳಗಿಸಲಾಗಿದೆ.

ಹೀಗೆ ಪಳಗಿಸಬೇಕಾದರೆ ಮೊದಲು ರೇಕು ಬೇಕು. ಅದರ ನೆಲೆ ಇಶಿಕಾವಾ ಪ್ರಾಂತ್ಯದ ಕನಜಾವಾ. ಜಪಾನಿನಲ್ಲಿ ತಯಾರಾಗುವ ಚಿನ್ನದ ರೇಕಿನಲ್ಲಿ ಶೇ 98ಕ್ಕೂ ಹೆಚ್ಚು ಪಾಲು ಈ ಒಂದೇ ನಗರದ್ದು. ವಿಚಿತ್ರವೆಂದರೆ ಇಲ್ಲಿನ ಕಸುಬು ಬಹುಕಾಲ ಕದ್ದುಮುಚ್ಚಿ ನಡೆದದ್ದು. ಎದೋ ಕಾಲದ ಕೇಂದ್ರಾಡಳಿತವು ರೇಕು ತಯಾರಿಕೆಯನ್ನು ಎದೋ ಮತ್ತು ಕ್ಯೋತೊಗಳಿಗಷ್ಟೇ ಸೀಮಿತಗೊಳಿಸಿ ಉಳಿದೆಡೆ ನಿಷೇಧಿಸಿತ್ತು. 1808ರಲ್ಲಿ ಕನಜಾವಾ ಕೋಟೆಯ ಅರಮನೆ ಬೆಂಕಿಗೆ ಆಹುತಿಯಾದಾಗ ಮರುನಿರ್ಮಾಣಕ್ಕೆ ಅಪಾರ ರೇಕು ಬೇಕಾಯಿತು. ಕ್ಯೋತೊದಿಂದ ಬಂದ ಕುಶಲಕರ್ಮಿಗಳಿಂದ ಊರವರು ವಿದ್ಯೆ ಕಲಿತರು. ನಿಷೇಧವಿದ್ದರೂ ಗುಟ್ಟಾಗಿ ಬಡಿಯುತ್ತಲೇ ಹೋದರು. 1860ರ ದಶಕದಲ್ಲಿ ಹಳೆಯ ಆಡಳಿತ ಕುಸಿದ ನಂತರವೇ ಈ ಸುತ್ತಿಗೆಯ ಸದ್ದು ಪೂರ್ಣ ಬಹಿರಂಗವಾದದ್ದು.

ಈ ವಿದ್ಯೆಯ ರಹಸ್ಯ ಚಿನ್ನದಲ್ಲಿಲ್ಲ, ಕಾಗದದಲ್ಲಿದೆ. ಅಲ್ಪಸ್ವಲ್ಪ ಬೆಳ್ಳಿ, ತಾಮ್ರ ಬೆರೆಸಿದ ಚಿನ್ನವನ್ನು ಪಟ್ಟಿಯಾಗಿ ಎಳೆದು, ಚೌಕಗಳಾಗಿ ಕತ್ತರಿಸಿ, ಕಾಗದದ ಹಾಳೆಗಳ ನಡುವೆ ಇಟ್ಟು ಬಡಿಯುವುದು ಒಂದು ವೃತ್ತಿ. ಅವರು ಒಪ್ಪಿಸಿದ ತೆಳು ತಗಡನ್ನು ಇನ್ನೂ ತೆಳುವಾಗಿಸಿ ರೇಕು ಮಾಡುವುದು ಇನ್ನೊಬ್ಬರ ವೃತ್ತಿ. ಸುತ್ತಿಗೆಯ ಕೆಲಸವನ್ನು ಇಪ್ಪತ್ತನೆಯ ಶತಮಾನದಲ್ಲಿ ಯಂತ್ರ ವಹಿಸಿಕೊಂಡಿತು. ಆದರೆ ಕಾಗದದ ಸಂಸ್ಕಾರ ಕೈಯದೇ ಆಗಿ ಉಳಿಯಿತು. ಗಂಪಿ ಎಂಬ ಪೊದೆಯ ನಾರಿನಿಂದ ಮಾಡಿದ ಕೈಕಾಗದವನ್ನು ಹುಲ್ಲಿನ ಬೂದಿಯ ತಿಳಿನೀರು, ಪರ್ಸಿಮನ್ ಕಾಯಿಯ ಒಗರು ರಸ, ಮೊಟ್ಟೆ ಇವುಗಳ ಮಿಶ್ರಣದಲ್ಲಿ ಅದ್ದಿ, ಹಿಂಡಿ, ಒಣಗಿಸಿ, ಬಡಿದು ಹದಗೊಳಿಸುವ ಕ್ರಿಯೆ ತಿಂಗಳುಗಟ್ಟಲೆ ನಡೆಯುತ್ತದೆ. ಕಾಗದ ಹದವಾಗಿದ್ದರೆ ಮಾತ್ರ ಚಿನ್ನ ಹರಿಯದೆ ಹರಡುತ್ತದೆ. ಬಡಿದು ಸವೆದ ಇದೇ ಕಾಗದ ಕೊನೆಗೆ ಮುಖದ ಜಿಡ್ಡು ತೆಗೆಯುವ ಹಾಳೆಯಾಗಿ ಮಾರಾಟವಾಗುತ್ತದೆ. ಸಿದ್ಧವಾದ ರೇಕನ್ನು ಬೆರಳಿನಿಂದ ಮುಟ್ಟುವಂತಿಲ್ಲ. ಬಿದಿರಿನ ಸಲಕರಣೆಯಿಂದ ಎತ್ತಿ, ಉಸಿರಿನಿಂದ ಊದಿ ಸಮಮಾಡಿ, ಒಂದೊಂದಾಗಿ ಅಂಚು ಕತ್ತರಿಸಿ ಜೋಡಿಸಬೇಕು.

ಇನ್ನು ಕುಂಬಾರನ ಪಾಲು. ಇದೇ ಇಶಿಕಾವಾ ಪ್ರಾಂತ್ಯದಲ್ಲಿ ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಹುಟ್ಟಿ, ಅರ್ಧ ಶತಮಾನದಲ್ಲಿ ನಿಂತುಹೋಗಿ, ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಚಿಗುರಿದ್ದು ಕುತಾನಿ ಪಿಂಗಾಣಿ. ಕೆಂಪು ನೆಲದ ಮೇಲೆ ಚಿನ್ನದ ಚಿತ್ತಾರ ಬಿಡಿಸುವ ಅದರ ಒಂದು ಶೈಲಿಗೆ ‘ಕಿನ್‌ರಾನ್‌ದೆ’ ಎಂದು ಹೆಸರು. ಜರತಾರಿ ಬಟ್ಟೆಯಂಥದು ಎಂಬುದು ಅದರ ಭಾವಾರ್ಥ. ಪಿಂಗಾಣಿಯ ಮೈ ಗಟ್ಟಿಯಾಗಲು ಆವಿಗೆಯಲ್ಲಿ ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಚಿನ್ನವಾದರೋ 1,064 ಡಿಗ್ರಿಯಲ್ಲೇ ಕರಗಿಹೋಗುತ್ತದೆ. ಆದ್ದರಿಂದ ಬಟ್ಟಲು ಪೂರ್ತಿ ಬೆಂದು, ಬಣ್ಣಗಳೂ ನೆಲೆಗೊಂಡ ಮೇಲೆ, ಕೊನೆಯಲ್ಲಿ ಕಡಿಮೆ ಶಾಖದಲ್ಲಿ ಚಿನ್ನವನ್ನು ಕೂರಿಸಬೇಕು. ಹೀಗೆ ಮೇಲೆ ಕೂತ ಚಿನ್ನ ಒರೆಸುವ ಬಟ್ಟೆಗೂ ತುಟಿಯ ಸ್ಪರ್ಶಕ್ಕೂ ವರ್ಷಗಳಲ್ಲಿ ಸವೆಯುತ್ತದೆ.

ಇದಕ್ಕೆ ಕುಶಲಕರ್ಮಿಗಳು ಕಂಡುಕೊಂಡ ಪರಿಹಾರವೇ ‘ಯೂರಿ ಕಿನ್‌ಸಾಯಿ’, ಅಂದರೆ ಮೆರುಗಿನ ಅಡಿಯ ಚಿನ್ನ. ಬಣ್ಣದ ನೆಲದ ಮೇಲೆ ಹೂವು, ಎಲೆಗಳ ಆಕಾರಕ್ಕೆ ಕತ್ತರಿಸಿದ ರೇಕನ್ನು ಅಂಟಿಸಿ, ಒಮ್ಮೆ ಸುಟ್ಟು, ಅದರ ಮೇಲೆ ಪಾರದರ್ಶಕ ಮೆರುಗು ಹಚ್ಚಿ ಮತ್ತೊಮ್ಮೆ ಸುಡುವ ಕ್ರಮವಿದು. ತೆಳು ಮತ್ತು ದಪ್ಪ ರೇಕುಗಳನ್ನು ಬಳಸಿ ಒಂದೇ ಲೋಹದಲ್ಲಿ ನೆರಳು ಬೆಳಕಿನ ಆಟ ತೋರಿಸಿದವರು ಕೊಮಾತ್ಸು ನಗರದ ಯೊಶಿತಾ ಮಿನೋರಿ. ಜಪಾನ್ ಸರ್ಕಾರ 2001ರಲ್ಲಿ ಅವರನ್ನು ಈ ಕಲೆಯ ವಾರಸುದಾರರೆಂದು ಅಧಿಕೃತವಾಗಿ ಗುರುತಿಸಿತು. ‘ಜೀವಂತ ರಾಷ್ಟ್ರೀಯ ನಿಧಿ’ ಎಂದು ಜನ ಕರೆಯುವ ಈ ಗೌರವದ ಜೊತೆಗೆ ವರ್ಷಕ್ಕೆ 20 ಲಕ್ಷ ಯೆನ್ ನೆರವು ದೊರೆಯುತ್ತದೆ. ಶಿಷ್ಯರನ್ನು ತಯಾರು ಮಾಡಬೇಕೆಂಬುದು ಅದರ ಆಶಯ.

ಕರಕುಶಲ ಕಲೆಗಳ ವಿಷಯದಲ್ಲಿ ಜಪಾನಿನಷ್ಟು ಕಾಳಜಿ ತೋರಿದ ದೇಶಗಳು ಕಡಿಮೆ ಎಂಬುದನ್ನು ಒಪ್ಪಲೇಬೇಕು. ಸಾಂಪ್ರದಾಯಿಕ ಕರಕುಶಲ ಉದ್ಯಮಗಳಿಗೆಂದೇ 1974ರಲ್ಲಿ ಅಲ್ಲಿ ಕಾಯ್ದೆ ಬಂತು. ಅದರಡಿ ಕುತಾನಿ ಪಿಂಗಾಣಿಗೂ ಕನಜಾವಾದ ರೇಕಿಗೂ ಮಾನ್ಯತೆ ದೊರೆಯಿತು. ಆದರೂ ಕಸುಬಿನ ಬುಡ ಅಲುಗಾಡುತ್ತಿದೆ. ರೇಕಿನ ಅತಿ ದೊಡ್ಡ ಗ್ರಾಹಕ ಚಹಾ ಬಟ್ಟಲಾಗಿರಲಿಲ್ಲ, ಮನೆಮನೆಯ ಬೌದ್ಧ ಪೂಜಾಪೀಠವಾಗಿತ್ತು. ಮನೆಗಳು ಕಿರಿದಾಗಿ ಪೀಠಗಳೂ ಕಡಿಮೆಯಾದಾಗ ಬೇಡಿಕೆ ಕುಸಿಯಿತು. ಕೈಕಾಗದದ ಬದಲು ಇಂಗಾಲ ಲೇಪಿಸಿದ ಗ್ಲಾಸಿನ್ ಕಾಗದ ಬಳಸಿ, ರಾಶಿಗಟ್ಟಲೆ ಹಾಳೆಗಳನ್ನು ಒಮ್ಮೆಗೇ ಕತ್ತರಿಸುವ ಅಗ್ಗದ ವಿಧಾನ ಹಳೆಯದನ್ನು ಮೂಲೆಗೆ ತಳ್ಳಿತು. ಪಿಂಗಾಣಿಯಲ್ಲಿ ಕುಂಚದಿಂದ ಬಳಿಯುವ ದ್ರವ ಚಿನ್ನ, ಅಚ್ಚೊತ್ತಿದ ಚಿತ್ತಾರಗಳು ರೇಕಿನ ಜಾಗವನ್ನು ಆಕ್ರಮಿಸಿದವು. ಇಂದು ಕನಜಾವಾಕ್ಕೆ ಬರುವ ಪ್ರವಾಸಿ ಚಿನ್ನದ ರೇಕನ್ನು ಕಾಣುವುದು ಐಸ್‌ಕ್ರೀಮಿನ ಮೇಲೆ.

ಚಿನ್ನದ ಬೆಲೆಯೂ ಈ ಕಸುಬುದಾರರಿಗೆ ಎದುರಾಗಿ ನಿಂತಿದೆ. 2025ರ ಅಕ್ಟೋಬರಿನಲ್ಲಿ ಅದು ಮೊದಲ ಬಾರಿಗೆ ಔನ್ಸಿಗೆ 4,000 ಡಾಲರ್ ದಾಟಿತು. ಒಂದು ಬಟ್ಟಲಿನ ಮಟ್ಟಿಗೆ ಇದು ನಗಣ್ಯ. ಆದರೆ ರೇಕು ಬಡಿಯುವವನು ಬಟ್ಟಲು ಮಾರಾಟವಾಗುವ ತನಕ ಕಾಯಲಾರ. ಚಿನ್ನವನ್ನು ಮೊದಲೇ ಕೊಂಡು, ತಿಂಗಳುಗಟ್ಟಲೆ ಬಂಡವಾಳ ಕಟ್ಟಿಹಾಕಿ ಕೂರಬೇಕು. 2024ರ ಜನವರಿ 1ರಂದು ನೋತೋ ಪರ್ಯಾಯ ದ್ವೀಪದಲ್ಲಿ ಸಂಭವಿಸಿದ 7.6 ತೀವ್ರತೆಯ ಭೂಕಂಪ, ಇದೇ ಪ್ರಾಂತ್ಯದ ಸುಜುವಿನಲ್ಲಿ ಕುಂಬಾರರ ಆವಿಗೆಗಳನ್ನು ಕೆಡವಿತು, ವಾಜಿಮಾದಲ್ಲಿ ಅರಗಿನ ಕಾರ್ಯಾಗಾರಗಳು ಸುಟ್ಟುಹೋದವು. ಒಂದೇ ಸೀಮೆಯಲ್ಲಿ ಬೇರುಬಿಟ್ಟ ಕಲೆಗಳು ಎಷ್ಟು ಸುಲಭವಾಗಿ ಅಪಾಯಕ್ಕೆ ಸಿಲುಕುತ್ತವೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇಲ್ಲೊಂದು ಮೂಲಭೂತ ಪ್ರಶ್ನೆಯಿದೆ. ಗೌರವ, ಪುರಸ್ಕಾರಗಳು ಹೆಚ್ಚಾಗಿ ತಲುಪುವುದು ಸರಪಳಿಯ ಕೊನೆಯಲ್ಲಿ ನಿಂತು ಬಟ್ಟಲಿನ ತಳದಲ್ಲಿ ಹೆಸರು ಕೆತ್ತುವ ಕಲಾವಿದನನ್ನು. ನಾರು ಕುಟ್ಟಿ ಕಾಗದ ಮಾಡಿದವನ, ಬೂದಿ ನೀರಿನಲ್ಲಿ ಅದನ್ನು ಹದಗೊಳಿಸಿದವನ, ತಗಡು ಬಡಿದುಕೊಟ್ಟವನ ಹೆಸರು ಬಟ್ಟಲಿನ ಮೇಲಿರುವುದಿಲ್ಲ. ಅವರಲ್ಲಿ ಒಬ್ಬನ ಮಗ ಕಸುಬು ಬಿಟ್ಟರೂ ಕೊನೆಯವನ ಪ್ರತಿಭೆ ನಿಷ್ಪ್ರಯೋಜಕವಾಗುತ್ತದೆ. ಮರದ ಕಟ್ಟಡಗಳ ಸಂರಕ್ಷಣೆಗೆ ಸಂಬಂಧಿಸಿದ ಜಪಾನಿನ ವಿದ್ಯೆಗಳನ್ನು 2020ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿದಾಗ, ಕೈಕಾಗದದಲ್ಲಿ ರೇಕು ಬಡಿಯುವ ಹಳೆಯ ವಿಧಾನವೂ ಅದರಲ್ಲಿತ್ತು ಎಂಬುದು ಈ ದೃಷ್ಟಿಯಿಂದ ಮಹತ್ವದ್ದು. ದೇಗುಲಗಳ ದುರಸ್ತಿಗೆ ರೇಕು ಬೇಕೆಂಬ ಕಾರಣಕ್ಕೆ ಬಂದ ಮಾನ್ಯತೆಯಾದರೂ, ಅದು ಹೆಸರಿಲ್ಲದ ಕೈಗಳಿಗೆ ಸಂದದ್ದು.

ಆದರೆ ಪಟ್ಟಿಗಳು ಕಸುಬನ್ನು ದಾಖಲಿಸಬಲ್ಲವು, ಸಾಕಲಾರವು. ಸಾಕುವುದು ಬಳಕೆ. ಮಾಚ್ಚಾ ಎಂಬ ಹಸಿರು ಚಹಾ ಪುಡಿಯ ಹುಚ್ಚು ಈಗ ಜಗತ್ತಿನಾದ್ಯಂತ ಹಬ್ಬಿದೆ. ಮಹಾನಗರಗಳ ಕೆಫೆಗಳಲ್ಲಿ ಅದು ಕಾಗದದ ಲೋಟದಲ್ಲಿ ಬಂದು ಅರ್ಧ ಗಂಟೆಯಲ್ಲಿ ಕಸದ ಬುಟ್ಟಿ ಸೇರುತ್ತದೆ. ಚಹಾ ಉಳಿದು ಬಟ್ಟಲು ಅಳಿಯುವ ಇಂಥ ಸಮೃದ್ಧಿಯಿಂದ ಕಾಗದ ಹದಗೊಳಿಸುವವನಿಗೆ ದಕ್ಕುವುದೇನೂ ಇಲ್ಲ. ಒಂದು ನಾಡಿನ ಕಲೆಯನ್ನು ಉಳಿಸಬೇಕೆನ್ನುವವರು ಕೇಳಬೇಕಾದ ಪ್ರಶ್ನೆ ಕೊನೆಯ ಕಲಾವಿದನಿಗೆ ಎಷ್ಟು ಸನ್ಮಾನ ಸಂದಿತು ಎಂಬುದಲ್ಲ. ಅವನ ಕೈಗೆ ರೇಕು ತಲುಪಿಸುವವನ ಮನೆಯಲ್ಲಿ ಮುಂದಿನ ತಲೆಮಾರು ಕೆಲಸಕ್ಕೆ ಕುಳಿತಿದೆಯೇ ಎಂಬುದು. ಅರವತ್ತು ಮಿಲಿಗ್ರಾಂ ಚಿನ್ನ ಎಲ್ಲಿ ಬೇಕಾದರೂ ಸಿಕ್ಕೀತು. ಅದನ್ನು ಬಟ್ಟಲಿನ ಮೈತುಂಬ ಹರಡಬಲ್ಲ ಕಾಗದ ಹಾಗೆ ಸಿಗುವುದಿಲ್ಲ.