ಕಂಪನಿಯಿಂದಲೇ ಬಂದ ಡಿಫರೆನ್ಶಿಯಲ್ ಲಾಕ್: ಐದನೇ ವರ್ಷದ ಲೆಕ್ಕ

ಆಫ್-ರೋಡ್ ಗಾಡಿಗಳ ಬಗ್ಗೆ ಇರೋ ಹೆಚ್ಚಿನ ವಿಡಿಯೋಗಳು ಮೊದಲ ಆರು ತಿಂಗಳಿಗೇ ನಿಂತು ಹೋಗುತ್ತವೆ. ಕೆಸರು, ಬಂಡೆ, ಡ್ರೋನ್ ಶಾಟ್, ಮುಗೀತು. ಐದನೇ ವರ್ಷಕ್ಕೆ ಆ ಗಾಡಿ ಹೇಗಿರುತ್ತೆ, ಹೆಚ್ಚಿಗೆ ಕೊಟ್ಟ ದುಡ್ಡು ಏನಾಯ್ತು ಅನ್ನೋದು ಯಾರೂ ಹೇಳಲ್ಲ. ಪುಣೆ, ಹೈದರಾಬಾದ್ ಕಡೆ ಇರೋ ನಮ್ಮವರು ಕೇಳೋ ಪ್ರಶ್ನೆನೂ ಇದೇ: "ವಾರಪೂರ್ತಿ ಆಫೀಸು, ವರ್ಷಕ್ಕೆ ನಾಲ್ಕು ಸಲ ಊರು. ನನಗೆ ಡಿಫರೆನ್ಶಿಯಲ್ ಲಾಕ್ ಇರೋ ಗಾಡಿ ಬೇಕಾ?"

ನನ್ನದು 2021ರ ಥಾರ್, ಡೀಸೆಲ್, ಫೋರ್ ಬೈ ಫೋರ್. ಹಿಂದಿನ ಆಕ್ಸಲ್‌ನ ಮೆಕ್ಯಾನಿಕಲ್ ಲಾಕ್ ಕಂಪನಿಯಿಂದಲೇ ಬಂದಿದ್ದು. ಅದನ್ನೇ ಉದಾಹರಣೆ ಇಟ್ಕೊಂಡು ಹೇಳ್ತೀನಿ. ಗೂರ್ಖಾ, ಜಿಮ್ನಿ ಇರೋರಿಗೂ ಬಹುಪಾಲು ಅನ್ವಯಿಸುತ್ತೆ.

ಮೊದಲು ಲಾಕ್ ಅಂದ್ರೆ ಏನು ಅಂತ ನೋಡೋಣ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗ್ಬೇಕು, ಒಳಗಿನದು ಕಡಿಮೆ. ಈ ವ್ಯತ್ಯಾಸಕ್ಕೆ ಅವಕಾಶ ಮಾಡಿಕೊಡೋದೇ ಡಿಫರೆನ್ಶಿಯಲ್. ಟಾರ್ ರಸ್ತೆಯಲ್ಲಿ ಇದು ವರ, ಕೆಸರಲ್ಲಿ ಶಾಪ. ಯಾಕಂದ್ರೆ ಜಾರ್ತಿರೋ ಚಕ್ರಕ್ಕೆ ಎಷ್ಟು ಹಿಡಿತ ಇದೆಯೋ ಅಷ್ಟೇ ಬಲ ಇನ್ನೊಂದು ಚಕ್ರಕ್ಕೂ ಸಿಗುತ್ತೆ. ಒಂದು ಚಕ್ರ ಗಾಳಿಯಲ್ಲಿ ತಿರುಗ್ತಾ ಇದ್ರೆ, ಗಟ್ಟಿ ನೆಲದ ಮೇಲಿರೋ ಇನ್ನೊಂದು ಸುಮ್ಮನೆ ನಿಂತಿರುತ್ತೆ. ಲಾಕ್ ಬಂದ್ರೆ ಎರಡೂ ಒಂದೇ ಸಮ ತಿರುಗುತ್ತವೆ. ಥಾರ್‌ನದ್ದು ತಾನಾಗೇ ಕೆಲಸ ಮಾಡೋ ಲಾಕ್. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಒಳಗಿನ ಒಂದು ಸಣ್ಣ ಯಂತ್ರ ಕಚ್ಚಿಕೊಳ್ಳುತ್ತೆ, ಗಾಡಿ ವೇಗ ಹಿಡಿದ್ರೆ ಬಿಡುತ್ತೆ. ಗೂರ್ಖಾದಲ್ಲಿ ಮುಂದೆ, ಹಿಂದೆ ಎರಡೂ ಕಡೆ ಲಾಕ್ ಇದೆ, ಹಾಕೋದು ತೆಗೆಯೋದು ಡ್ರೈವರ್ ಕೈಯಲ್ಲೇ. ಜಿಮ್ನಿಯಲ್ಲಿ ಈ ಥರದ ಲಾಕ್ ಇಲ್ಲ, ಜಾರೋ ಚಕ್ರಕ್ಕೆ ಬ್ರೇಕ್ ಹಾಕಿ ಬಲವನ್ನ ಆ ಕಡೆ ತಳ್ಳುತ್ತೆ. ಮೂರರಲ್ಲಿ ಯಾವುದು ಮೇಲು ಅನ್ನೋ ಜಗಳಕ್ಕೆ ನಾನಿಲ್ಲ.

ಹಳೇ ಥಾರ್ 2010ರಲ್ಲಿ ಬಂದಾಗ ಈ ಲಾಕ್ ಇರ್ಲಿಲ್ಲ, 2015ರಲ್ಲಿ ಕಂಪನಿ ಕೊಡೋಕೆ ಶುರು ಮಾಡ್ತು. ಅಲ್ಲೀವರೆಗೆ ಬೇಕಾದವರು ಹೊರಗೆ ಹಾಕಿಸ್ಕೋತಿದ್ರು. ಈಗಲೂ ಎಲ್ಲಾ ವೇರಿಯಂಟಲ್ಲಿ ಬರಲ್ಲ, ಬುಕ್ ಮಾಡೋವಾಗ ಲಿಸ್ಟ್ ನೋಡಿ.

"ಹೊರಗೆ ಹಾಕಿಸಿದ್ರೆ ಏನಾಗುತ್ತೆ?" ಅಂತೀರಾ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಆರ್‌ಸಿ ವಿವರ ಬೇರೆ ಆಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿ ಮಾಡಿ ಹೇಳಿತು. ಮುಂದಿನ ಬುಲ್ ಬಾರ್‌ಗಳ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದ್ದು 2017ರ ಡಿಸೆಂಬರ್‌ನಲ್ಲಿ. ಪೊಲೀಸರು ಹಿಡೀತಾರೋ ಇಲ್ವೋ ಅನ್ನೋದು ಸಣ್ಣ ವಿಷಯ. ಅಪಘಾತ ಆದಾಗ ಇನ್ಶೂರೆನ್ಸ್ ಸರ್ವೇಯರ್ ಬಂದು ಗಾಡಿ ಕೆಳಗೆ ಬಗ್ಗಿ ನೋಡ್ತಾರಲ್ಲ, ಆಗ ಲಕ್ಷಗಳ ಮಾತು. ಕಂಪನಿಯಿಂದ ಬಂದ ಲಾಕ್ ಬಗ್ಗೆ ಅಲ್ಲಿ ಪ್ರಶ್ನೆನೇ ಏಳಲ್ಲ. ನನ್ನ ಮಟ್ಟಿಗೆ ಹೆಚ್ಚು ದುಡ್ಡು ಕೊಟ್ಟಿದ್ದಕ್ಕೆ ಸಿಕ್ಕ ನಿಜವಾದ ಲಾಭ ಈ ನಿಶ್ಚಿಂತೆ. ಕೆಸರು ಎರಡನೇ ಮಾತು.

ಟೈರ್‌ಗೂ ಇದೇ ಲೆಕ್ಕ. ನನ್ನ ಗಾಡಿಯ 255/65 ಆರ್ 18 ಟೈರಿನ ವ್ಯಾಸ ಸುಮಾರು 789 ಮಿಲಿಮೀಟರ್. ಗೆಳೆಯರು ಹೇಳಿದ್ರು ಅಂತ 33 ಇಂಚಿನದ್ದು, ಅಂದ್ರೆ 838 ಮಿಲಿಮೀಟರಿನದ್ದು ಹಾಕಿಸಿದ್ರೆ ಶೇಕಡಾ 6ರಷ್ಟು ದೊಡ್ಡದಾಯ್ತು. ಮುಂಚೆ 100 ಅಂತ ತೋರಿಸ್ತಿದ್ದ ಜಾಗದಲ್ಲಿ ಈಗಲೂ 100 ಅಂತಲೇ ತೋರಿಸುತ್ತೆ, ಆದ್ರೆ ನೀವು 106ರಲ್ಲಿ ಓಡ್ತಿರ್ತೀರಿ. ಎಲ್ಲಾ ಗೇರೂ ಅಷ್ಟೇ ಭಾರ ಆಗುತ್ತೆ, ಸ್ಟೀರಿಂಗ್ ಜಾಯಿಂಟು, ಬೇರಿಂಗು ಬೇಗ ಸವೆಯುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಈ ಯಂತ್ರ ಹಾಳಾಗೋದು ಬಳಸಿದ್ದಕ್ಕಿಂತ ಬಳಸದೇ ಬಿಟ್ಟಿದ್ದಕ್ಕೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ನಿಂತು, ಎರಡು ಚಕ್ರದ ಡ್ರೈವಲ್ಲೇ ವರ್ಷಗಟ್ಟಲೆ ಓಡಿದ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸ್‌ನ ಲಿವರ್ ಬಿಗಿಯಾಗುತ್ತೆ, ಎಣ್ಣೆ ಓಡಾಡದೆ ಸೀಲುಗಳು ಗಟ್ಟಿಯಾಗಿ ಸೋರೋಕೆ ಶುರುವಾಗುತ್ತೆ. ಬ್ಯಾಕಪ್ ತಗೊಂಡು ಒಂದು ಸಲನೂ ರಿಸ್ಟೋರ್ ಮಾಡಿ ನೋಡದ ಹಾಗೆ. ಬೇಕಾದ ದಿನವೇ ಅದು ಇಲ್ಲ ಅಂತ ಗೊತ್ತಾಗೋದು.

ನಾನು ತಿಂಗಳಿಗೊಂದು ಸಲ ಎರಡು ಕಿಲೋಮೀಟರ್ 4 ಹೈನಲ್ಲಿ, ಸ್ವಲ್ಪ ದೂರ 4 ಲೋನಲ್ಲಿ ಓಡಿಸ್ತೀನಿ. ಆದ್ರೆ ಇದನ್ನ ಒಣ ಟಾರ್ ಮೇಲೆ ಮಾಡ್ಬಾರ್ದು. ಇಂಥ ಗಾಡಿಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್ ನಡುವೆ ಡಿಫರೆನ್ಶಿಯಲ್ ಇರಲ್ಲ. ತಿರುವಲ್ಲಿ ಎರಡೂ ಬೇರೆ ವೇಗದಲ್ಲಿ ಹೋಗ್ಬೇಕು, ಹೋಗೋಕೆ ಆಗಲ್ಲ, ಆ ತಿರುಚು ಶಾಫ್ಟ್‌ಗಳಲ್ಲಿ ಕೂಡಿಕೊಳ್ಳುತ್ತೆ. ಮಣ್ಣಲ್ಲಾದ್ರೆ ಟೈರ್ ಸ್ವಲ್ಪ ಜಾರಿ ಅದನ್ನ ಬಿಡಿಸುತ್ತೆ. ಮಣ್ಣು ದಾರಿ ಎಲ್ಲಿ ಅಂತ ಕೇಳ್ಬೇಡಿ, ಹಿಂಜವಡಿ ಸುತ್ತ ಕಟ್ಟಡ ಏಳ್ತಿರೋ ಕಡೆ ಬೇಕಾದಷ್ಟಿದೆ.

ಎಣ್ಣೆ ಬಗ್ಗೆ ಇನ್ನೊಂದು ಮಾತು. ಮಾಮೂಲಿ ಕಾರಲ್ಲಿ ಎಂಜಿನ್, ಗೇರ್‌ಬಾಕ್ಸ್ ಎಣ್ಣೆ ನೋಡಿದ್ರೆ ಸಾಕು. ಇಲ್ಲಿ ಟ್ರಾನ್ಸ್‌ಫರ್ ಕೇಸು, ಮುಂದಿನ ಡಿಫರೆನ್ಶಿಯಲ್, ಹಿಂದಿನ ಡಿಫರೆನ್ಶಿಯಲ್ ಸೇರಿ ಐದು. ಹಿಂದಿನ ಲಾಕ್ ಒಳಗೆ ಉಜ್ಜಿಕೊಳ್ಳೋ ಪ್ಲೇಟುಗಳಿರೋದ್ರಿಂದ ಮ್ಯಾನುಯಲ್‌ನಲ್ಲಿ ಹೇಳಿದ ಎಣ್ಣೆನೇ ಹಾಕ್ಬೇಕು. ಸರ್ವಿಸ್‌ಗೆ ಬಿಡೋವಾಗ ಐದರ ಹೆಸರನ್ನೂ ಜಾಬ್ ಕಾರ್ಡಲ್ಲಿ ಬರೆಸಿ.

ಮಳೆಗಾಲದಲ್ಲಿ ಊರ ಕಡೆ ಹೋದವರು ಹಳ್ಳ ದಾಟಿಯೇ ದಾಟ್ತಾರೆ. ಥಾರ್‌ಗೆ 650 ಮಿಲಿಮೀಟರ್, ಗೂರ್ಖಾಗೆ 700 ಮಿಲಿಮೀಟರ್ ನೀರು ಅಂತ ಕಂಪನಿ ಹೇಳುತ್ತೆ. ಗೂರ್ಖಾಗೆ ಸ್ನಾರ್ಕಲ್ ಕೂಡ ಕಂಪನಿಯದ್ದೇ. ಆದ್ರೆ ಸ್ನಾರ್ಕಲ್ ಎತ್ತರಕ್ಕೆ ಒಯ್ಯೋದು ಎಂಜಿನ್ ಉಸಿರಾಡೋ ಬಾಯನ್ನ ಮಾತ್ರ. ಬಿಸಿಯಾದ ಡಿಫರೆನ್ಶಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರ್ ಕಟ್ಟಿಕೊಂಡಿದ್ರೆ ಸೀಲಿನ ಸಂದಿಯಿಂದ ನೀರನ್ನ ಎಳ್ಕೊಳ್ಳುತ್ತೆ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ ಎಣ್ಣೆ ಕಂಡ್ರೆ ಅದೇ ಕಥೆ, ಆ ವಾರವೇ ಬದಲಿಸಿ. ಕೊಂಕಣದ ಬೀಚಲ್ಲಿ ಓಡಿಸಿದ್ರಂತೂ ಅವತ್ತೇ ಕೆಳಗೆ ಸಿಹಿನೀರು ಹೊಡೆಸಿ. ಉಪ್ಪು ಚಾಸಿಸ್ ತಿನ್ನೋದು ಮೇಲಿಂದ ಕಾಣಲ್ಲ.

ಡೀಸೆಲ್ ತಗೊಳ್ಳೋ ನಮ್ಮ ಐಟಿ ಮಂದಿಗೆ ಒಂದು ಎಚ್ಚರಿಕೆ. ಬಿಎಸ್ 6 ಡೀಸೆಲ್‌ನಲ್ಲಿ ಮಸಿ ಹಿಡಿಯೋ ಫಿಲ್ಟರ್ ಇದೆ, ಡಿಪಿಎಫ್. ಆ ಮಸಿ ಸುಡೋಕೆ ಸುಮಾರು 600 ಡಿಗ್ರಿ ಶಾಖ ಬೇಕು. ಆಫೀಸಿಗೆ ಆರು ಕಿಲೋಮೀಟರ್ ಟ್ರಾಫಿಕ್‌ನಲ್ಲಿ ತೆವಳ್ತಾ ಇದ್ರೆ ಅಷ್ಟು ಬಿಸಿ ಆಗೋದೇ ಇಲ್ಲ. ಹದಿನೈದು ದಿನಕ್ಕೊಮ್ಮೆ ಹೈವೇಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ. ಅದಕ್ಕೂ ಸಮಯ ಇಲ್ಲ ಅನ್ನೋರಿಗೆ ಪೆಟ್ರೋಲ್ ವಾಸಿ. ಮಣ್ಣೇ ಮುಟ್ಟಲ್ಲ ಅನ್ನೋರಿಗೆ 2023ರಿಂದ ಹಿಂದಿನ ಚಕ್ರ ಮಾತ್ರ ಓಡೋ ಥಾರ್ ಕೂಡ ಇದೆ, ನೋಟ ಅದೇ. ಅದನ್ನ ತಗೊಂಡವರನ್ನ ಗೇಲಿ ಮಾಡೋದು ನನಗೆ ಹಿಡಿಸಲ್ಲ.

ವಾಪಸ್ ಬೆಂಗಳೂರಿಗೆ ಹೋಗೋ ಯೋಚನೆ ಇದ್ರೆ ಇನ್ನೊಂದು ಖರ್ಚು ಈಗಲೇ ಲೆಕ್ಕ ಹಾಕಿ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಗಾಡಿ ಇಟ್ಟರೆ ಅಲ್ಲಿನ ನಂಬರ್ ಮಾಡಿಸ್ಬೇಕು. ಕರ್ನಾಟಕದ ತೆರಿಗೆ ದೇಶದಲ್ಲೇ ಹೆಚ್ಚಿನ ಸಾಲಿನದ್ದು. 10 ಲಕ್ಷ ದಾಟಿ 20 ಲಕ್ಷದೊಳಗಿರೋ ಹೊಸ ಗಾಡಿಗೆ ಶೇಕಡಾ 17, ಮೇಲೆ ಸೆಸ್. ಹಳೆಯದಾದಷ್ಟೂ ಕಮ್ಮಿ ಆಗುತ್ತೆ. ಮಹಾರಾಷ್ಟ್ರದಲ್ಲಿ ಕಟ್ಟಿದ್ದರ ಉಳಿದ ಭಾಗ ವಾಪಸ್ ಕೇಳಬಹುದು, ಅಲೆದಾಟ ಇದ್ದೇ ಇರುತ್ತೆ. ನಿಮ್ಮ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸ್ ಇದ್ರೆ 2021ರಲ್ಲಿ ಬಂದ ಬಿಎಚ್ ಸೀರೀಸ್ ಕೇಳಿ ನೋಡಿ.

ಸೆಕೆಂಡ್ ಹ್ಯಾಂಡ್ ನೋಡ್ತಿರೋರು ಮೊದಲು ಹಿಂಬಾಗಿಲ ಸ್ಟೆಪ್ನಿಯ ಮೇಲಿನ ನಾಲ್ಕು ಅಂಕಿ ಓದಿ. 3221 ಅಂದ್ರೆ 2021ರ 32ನೇ ವಾರದ ಟೈರು. ಬಿಸಿಲಲ್ಲಿ ತೂಗ್ತಾ ಬಿರುಕು ಬಿಟ್ಟಿದ್ರೆ ಅದು ಇದ್ದೂ ಇಲ್ಲದ ಲೆಕ್ಕ. ಆಮೇಲೆ ಗಾಡಿ ಮಣ್ಣಿನ ಮೇಲೆ ನಿಲ್ಲಿಸಿ, ಲಿವರ್ 4 ಲೋಗೆ ಹಾಕೋಕೆ ಮಾಲೀಕರಿಗೇ ಹೇಳಿ. ಹೇಗೆ ಹಾಕೋದು ಅಂತ ಅವರೇ ಮ್ಯಾನುಯಲ್ ಹುಡುಕಿದ್ರೆ, ಐದೂ ಎಣ್ಣೆ ಬದಲಿಸೋ ಖರ್ಚನ್ನ ಬೆಲೆಯಲ್ಲಿ ಕಳೆದು ಮಾತಾಡಿ.